ಎತ್ತರಿಸಿದ ಪಿಕಪ್ ಟ್ರಕ್ ನಡುಗುವುದೇಕೆ?

ಪಿಕಪ್ ಟ್ರಕ್ಕಿನ ಸಸ್ಪೆನ್ಷನ್ ಎತ್ತರಿಸಿ ದೊಡ್ಡ ಟೈರ್ ಹಾಕಿಸಿದ ಮೇಲೆ ಸವಾರಿ ಹದಗೆಟ್ಟಿತೆಂದು ದೂರುವವರು ಸಾಮಾನ್ಯವಾಗಿ ಮೊದಲು ಬದಲಿಸುವುದು ಶಾಕ್ ಅಬ್ಸಾರ್ಬರ್‌ಗಳನ್ನು. ಅನೇಕ ವೇಳೆ ಆ ಖರ್ಚು ವ್ಯರ್ಥವಾಗುತ್ತದೆ, ಏಕೆಂದರೆ ಈ ಒಂದೇ ದೂರಿನಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಬೆರೆತಿರುತ್ತವೆ. ರಸ್ತೆಯ ಉಬ್ಬುತಗ್ಗು ಸಿಕ್ಕಾಗ ಮಾತ್ರ ವಾಹನ ಎತ್ತಿ ಕುಕ್ಕುವುದು ಒಂದು. ನುಣುಪಾದ ರಸ್ತೆಯಲ್ಲೂ ಒಂದು ನಿರ್ದಿಷ್ಟ ವೇಗ ಮುಟ್ಟಿದೊಡನೆ ನಡುಗತೊಡಗುವುದು ಇನ್ನೊಂದು. ಮೊದಲನೆಯದಕ್ಕೆ ಸ್ಪ್ರಿಂಗು, ಶಾಕು, ಟೈರಿನ ಗಾಳಿ ಕಾರಣವಾದರೆ, ಎರಡನೆಯದಕ್ಕೆ ಬಹುಪಾಲು ತಿರುಗುವ ಯಾವುದೋ ಭಾಗ ಕಾರಣ. ತಿರುಗುವ ಪ್ರತಿಯೊಂದು ಭಾಗಕ್ಕೂ ತನ್ನದೇ ಲಯವಿರುವುದರಿಂದ, ನಡುಕ ಸೆಕೆಂಡಿಗೆ ಎಷ್ಟು ಬಾರಿ ಆಗುತ್ತಿದೆ ಎಂಬುದು ಗೊತ್ತಾದರೆ, ಸ್ಪ್ಯಾನರ್ ಮುಟ್ಟುವ ಮೊದಲೇ ದೋಷ ಯಾವ ಭಾಗದಲ್ಲಿದೆ ಎಂದು ಬಹುಮಟ್ಟಿಗೆ ಊಹಿಸಬಹುದು.

ಲೆಕ್ಕ ಸರಳವಾದದ್ದು. 33 ಇಂಚು ವ್ಯಾಸದ ಟೈರಿನ ಸುತ್ತಳತೆ ಸುಮಾರು 2.63 ಮೀಟರ್. ಗಂಟೆಗೆ 100 ಕಿ.ಮೀ. ವೇಗದಲ್ಲಿ ವಾಹನ ಸೆಕೆಂಡಿಗೆ 27.8 ಮೀಟರ್ ಸಾಗುತ್ತದೆ, ಅಂದರೆ ಚಕ್ರ ಸೆಕೆಂಡಿಗೆ ಹತ್ತೂವರೆ ಸುತ್ತು ತಿರುಗುತ್ತದೆ. ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್‌ನ ಗೇರ್ ಅನುಪಾತ 4.1 ಆಗಿದ್ದರೆ ಗೇರ್‌ಬಾಕ್ಸ್‌ನಿಂದ ಬಲವನ್ನು ಅಲ್ಲಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಅದೇ ಹೊತ್ತಿನಲ್ಲಿ ಸುಮಾರು 43 ಸುತ್ತು ತಿರುಗುತ್ತದೆ. ಶಾಫ್ಟಿನ ತುದಿಯಲ್ಲಿರುವ, ಬಾಗಿಯೂ ತಿರುಗಬಲ್ಲ ಕೀಲಾದ ಯೂನಿವರ್ಸಲ್ ಜಾಯಿಂಟ್ ಪ್ರತಿ ಸುತ್ತಿಗೆ ಎರಡು ಬಾರಿ ತೊನೆಯುವುದರಿಂದ ಅಲ್ಲಿ ಹುಟ್ಟುವ ಕಂಪನ ಸೆಕೆಂಡಿಗೆ ಸುಮಾರು 86. ಹತ್ತರ ಆಸುಪಾಸಿನ ನಡುಕವನ್ನು ಸ್ಟಿಯರಿಂಗ್ ಹಿಡಿದ ಕೈ ಬಿಡಿಬಿಡಿಯಾಗಿ ಗುರುತಿಸುತ್ತದೆ, ನಲವತ್ತರದು ಪಾದಕ್ಕೆ ಜುಮ್ಮೆನ್ನುವಂತೆ ತಟ್ಟುತ್ತದೆ, ಎಂಬತ್ತು ದಾಟಿದ್ದು ಕಂಪನಕ್ಕಿಂತ ಹೆಚ್ಚಾಗಿ ಗುಂಯ್‌ಗುಡುವ ಸದ್ದಾಗಿ ಕೇಳಿಸುತ್ತದೆ. ಇಲ್ಲಿ ನಂಬಬಾರದ ಉಪಕರಣವೊಂದಿದೆ, ಅದು ವಾಹನದ ಸ್ಪೀಡೋಮೀಟರ್. ಅದು ಚಕ್ರದ ಸುತ್ತುಗಳನ್ನು ಎಣಿಸುವುದರಿಂದ, 30 ಇಂಚಿನ ಬದಲು 33 ಇಂಚಿನ ಟೈರ್ ಬಂದಾಗ ನಿಜವಾದ ವೇಗ ಮುಳ್ಳು ತೋರಿಸುವುದಕ್ಕಿಂತ ಶೇಕಡ 10ರಷ್ಟು ಹೆಚ್ಚಿರುತ್ತದೆ. ಲೆಕ್ಕಕ್ಕೆ ಜಿಪಿಎಸ್ ವೇಗವನ್ನೇ ತೆಗೆದುಕೊಳ್ಳಬೇಕು.

ಕಂಪನವನ್ನು ಅಳೆಯಲು ಮೊಬೈಲ್ ಫೋನಿನೊಳಗಿನ ವೇಗೋತ್ಕರ್ಷ ಮಾಪಕ (ಆಕ್ಸಿಲರೋಮೀಟರ್) ಸಾಕು. ಫೋನನ್ನು ಮೆತ್ತನೆಯ ಸೀಟಿನ ಮೇಲಿಡದೆ, ಸೀಟಿನ ಕಬ್ಬಿಣದ ಹಳಿಗೋ ನೆಲಕ್ಕೋ ಭದ್ರವಾಗಿ ಅಂಟಿಸಿ, ಅಳತೆ ನೋಡುವ ಕೆಲಸವನ್ನು ಪಕ್ಕದಲ್ಲಿ ಕುಳಿತವರಿಗೆ ಬಿಡಬೇಕು. ಆದರೆ ಫೋನ್ ಸೆಕೆಂಡಿಗೆ 100 ಬಾರಿ ಮಾತ್ರ ಅಳತೆ ತೆಗೆಯುತ್ತಿದ್ದರೆ 50 ಹರ್ಟ್ಸ್‌ಗಿಂತ (ಸೆಕೆಂಡಿಗೆ 50 ಬಾರಿ) ಮೇಲಿನ ಕಂಪನ ಅದಕ್ಕೆ ಸರಿಯಾಗಿ ಕಾಣದು. ಇನ್ನೂ ತೊಡಕಿನ ಸಂಗತಿಯೆಂದರೆ, 86 ಹರ್ಟ್ಸ್‌ನ ಕಂಪನ ಅಂಥ ಫೋನಿನಲ್ಲಿ 14 ಹರ್ಟ್ಸ್‌ನ ವೇಷ ಹಾಕಿಕೊಂಡು ಕಾಣಿಸಿಕೊಳ್ಳಬಹುದು, ಆಗ ಶಾಫ್ಟಿನ ತಪ್ಪು ಚಕ್ರದ ತಲೆಗೆ ಬರುತ್ತದೆ. ಹಾಗಾಗಿ ಫೋನಿನ ಜೊತೆಗೆ ಹಳೆಯ ಪರೀಕ್ಷೆಯೂ ಬೇಕು: ಬೇರೆ ವಾಹನಗಳಿಲ್ಲದ ನೇರ ರಸ್ತೆಯಲ್ಲಿ, ನಡುಕ ಬರುವ ವೇಗದಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಗೇರನ್ನು ನ್ಯೂಟ್ರಲ್‌ಗೆ ತರಬೇಕು; ಎಂಜಿನ್ ಆರಿಸಬಾರದು. ನಡುಕ ಹಾಗೆಯೇ ಮುಂದುವರಿದರೆ ಎಂಜಿನ್ ನಿರ್ದೋಷಿ. ವೇಗ ಬದಲಾಗದೆ ಆಕ್ಸಿಲರೇಟರ್ ಒತ್ತಿದಾಗೊಂದು ರೀತಿ, ಬಿಟ್ಟಾಗೊಂದು ರೀತಿ ನಡುಗಿದರೆ ಅನುಮಾನ ಶಾಫ್ಟಿನ ಕೋನಗಳ ಕಡೆಗೆ ತಿರುಗಬೇಕು.

ಚಕ್ರದ ನಡುಕವೆಂದರೆ ಬ್ಯಾಲೆನ್ಸಿಂಗ್ (ಚಕ್ರದ ತೂಕವನ್ನು ಸುತ್ತಲೂ ಸಮವಾಗಿಸುವುದು) ದೋಷ ಎಂದೇ ಎಲ್ಲರ ಲೆಕ್ಕಾಚಾರ, ಅದು ತಪ್ಪೂ ಅಲ್ಲ. ಟೈರಿನ ಹೊರ ಅಂಚಿನಲ್ಲಿ ಕೇವಲ 30 ಗ್ರಾಂ ಹೆಚ್ಚುವರಿ ತೂಕವಿದ್ದರೆ, 100 ಕಿ.ಮೀ. ವೇಗದಲ್ಲಿ ಅದು ಹುಟ್ಟಿಸುವ ಕೇಂದ್ರಾಪಗಾಮಿ ಬಲ ಸುಮಾರು 55 ನ್ಯೂಟನ್. ಐದೂವರೆ ಕಿಲೋ ತೂಕ ಸೆಕೆಂಡಿಗೆ ಹತ್ತು ಬಾರಿ ಚಕ್ರವನ್ನು ಮೇಲಕ್ಕೂ ಕೆಳಕ್ಕೂ ಎಳೆದಂತೆ. ವೇಗ ಅರ್ಧವಾದರೆ ಈ ಬಲ ಕಾಲುಭಾಗಕ್ಕೆ ಇಳಿಯುತ್ತದೆ. ಹಾಗಿದ್ದರೂ ನಡುಕ ವೇಗದೊಂದಿಗೆ ಏರುತ್ತಲೇ ಹೋಗದೆ ಒಂದು ವೇಗದಲ್ಲಿ ತೀವ್ರವಾಗಿ ಆಮೇಲೆ ತಗ್ಗುವುದುಂಟು. ಟೈರು ಮತ್ತು ಸಸ್ಪೆನ್ಷನ್ ಸ್ಪ್ರಿಂಗುಗಳ ನಡುವೆ ಸಿಕ್ಕಿಕೊಂಡಿರುವ ಚಕ್ರ ಹಾಗೂ ಅದರ ಅಚ್ಚಾದ ಆಕ್ಸಲ್‌ಗೆ ಸಾಮಾನ್ಯವಾಗಿ 10ರಿಂದ 15 ಹರ್ಟ್ಸ್‌ನ ಸ್ವಾಭಾವಿಕ ಆವರ್ತನವಿದ್ದು, ಚಕ್ರದ ಸುತ್ತು ಅದಕ್ಕೆ ಹೊಂದಿಕೊಂಡ ವೇಗದಲ್ಲಿ ಅನುರಣನ (ಎರಡು ಲಯಗಳು ಕೂಡಿ ಕಂಪನ ಬಲಗೊಳ್ಳುವುದು) ಉಂಟಾಗುತ್ತದೆ. ಟೈರು ಭಾರವಾದಷ್ಟೂ ಈ ಆವರ್ತನ ಕೆಳಗಿಳಿಯುತ್ತದೆ. ಮೊದಲು ಹೆದ್ದಾರಿಯ ವೇಗಮಿತಿಯ ಆಚೆಗಿದ್ದ ಅನುರಣನ ಈಗ ದಿನನಿತ್ಯದ ವೇಗಕ್ಕೇ ಬಂದು ಕೂರಬಹುದು. ಇನ್ನು ಬ್ಯಾಲೆನ್ಸಿಂಗ್ ಯಂತ್ರ ಚಕ್ರವನ್ನು ಗಾಳಿಯಲ್ಲಿ ತಿರುಗಿಸುವುದರಿಂದ, ಟೈರಿನ ಒಂದು ಭಾಗ ಉಳಿದ ಭಾಗಕ್ಕಿಂತ ಗಡುಸಾಗಿದ್ದರೆ ಅದರ ಗಮನಕ್ಕೆ ಬಾರದು. ಅದಕ್ಕೆ ಉರುಳೆಯಿಂದ ಟೈರನ್ನು ಒತ್ತಿ ತಿರುಗಿಸುವ ಯಂತ್ರವೇ ಬೇಕು. ಹೊಸ ರಿಮ್ಮಿನ ನಡುವಿನ ತೂತು ಅದು ಕೂರುವ ಹಬ್‌ಗಿಂತ ದೊಡ್ಡದಾಗಿ ಚಕ್ರ ಒಂದು ಕೂದಲೆಳೆಯಷ್ಟು ಪಕ್ಕಕ್ಕೆ ಕುಳಿತಿದ್ದರೂ ಫಲ ಒಂದೇ. ಕೆಸರಿನಲ್ಲಿ ಓಡಿಸಿದವರು ರಿಮ್ಮಿನ ಒಳಭಾಗವನ್ನು ಮೊದಲು ತೊಳೆದು ನೋಡುವುದು ಲೇಸು, ಅಲ್ಲಿ ಅಂಟಿದ ಕೆಸರೂ ಹೆಚ್ಚುವರಿ ತೂಕವೇ.

ಎತ್ತರಿಸಿದ ವಾಹನದ ನಿಜವಾದ ಕುತೂಹಲವಿರುವುದು ಶಾಫ್ಟಿನಲ್ಲಿ. ಹದಿನಾರನೆಯ ಶತಮಾನದ ಗಣಿತಜ್ಞ ಜಿರೊಲಾಮೊ ಕಾರ್ಡಾನೊ ಮತ್ತು ಹದಿನೇಳನೆಯ ಶತಮಾನದ ರಾಬರ್ಟ್ ಹುಕ್ ಹೆಸರು ಅಂಟಿಕೊಂಡಿರುವ ಯೂನಿವರ್ಸಲ್ ಜಾಯಿಂಟಿಗೆ ಹುಟ್ಟುಗುಣವೊಂದಿದೆ: ಅದು ಬಾಗಿ ತಿರುಗುವಾಗ ಒಂದು ಬದಿಯಲ್ಲಿ ಏಕರೂಪವಾಗಿರುವ ವೇಗ ಇನ್ನೊಂದು ಬದಿಯಲ್ಲಿ ಪ್ರತಿ ಸುತ್ತಿಗೆ ಎರಡು ಬಾರಿ ಏರಿ ಇಳಿಯುತ್ತದೆ. ಜಾಯಿಂಟ್ 3 ಡಿಗ್ರಿ ಬಾಗಿದ್ದರೆ ಈ ಏರಿಳಿತ ಒಟ್ಟು ಶೇಕಡ 0.27 ಮಾತ್ರ, 10 ಡಿಗ್ರಿಗೆ ಅದು ಶೇಕಡ 3 ದಾಟುತ್ತದೆ. ಕೋನ ಮೂರು ಪಟ್ಟಿಗಿಂತ ತುಸು ಹೆಚ್ಚಾದರೆ ಏರಿಳಿತ ಹನ್ನೊಂದು ಪಟ್ಟು. ಶಾಫ್ಟಿನ ಎರಡೂ ತುದಿಯ ಜಾಯಿಂಟುಗಳು ಸಮನಾಗಿ ಬಾಗಿದ್ದು ಅವುಗಳ ಕವೆಗಳು (ಕವಲಿನಾಕಾರದ ತುದಿಗಳು) ಒಂದೇ ಸಮತಲದಲ್ಲಿದ್ದರೆ ಒಂದರ ತಪ್ಪನ್ನು ಇನ್ನೊಂದು ಅಳಿಸುತ್ತದೆ. ಸಸ್ಪೆನ್ಷನ್ ಎತ್ತರಿಸಿದಾಗ ಗೇರ್‌ಬಾಕ್ಸ್ ಮೇಲೇರುತ್ತದೆ, ಹಿಂದಿನ ಆಕ್ಸಲ್ ತನ್ನ ಜಾಗದಲ್ಲೇ ಉಳಿಯುತ್ತದೆ, ಶಾಫ್ಟ್ ಕಡಿದಾಗುತ್ತದೆ. ಚಾಸಿಯ (ವಾಹನದ ಅಡಿಕಟ್ಟಿನ) ಮೇಲೆ ಬಾಡಿಯನ್ನಷ್ಟೇ ಎತ್ತಿದ್ದರೆ ಈ ಸಮಸ್ಯೆ ಬರುವುದಿಲ್ಲ. ಎರಡು ಕೋನಗಳೂ ಸಮನಾಗಿ ಹೆಚ್ಚಿದರೂ ನಡುವಿನ ಶಾಫ್ಟ್ ಮಾತ್ರ ವೇಗ ಹೆಚ್ಚು ಕಡಿಮೆ ಮಾಡಿಕೊಳ್ಳುತ್ತಲೇ ಇರಬೇಕಾಗುತ್ತದೆ, ಅದರ ಜಡತ್ವದಿಂದಲೇ ಕಂಪನ ಹುಟ್ಟುತ್ತದೆ. ಎರಡು ತುಂಡಿನ ಶಾಫ್ಟಾದರೆ ಚಾಸಿಗೆ ಕಟ್ಟಿದ ಮುಂದಿನ ತುಂಡಿನ ಓರೆ ಬದಲಾಗದೆ ಹಿಂದಿನದಷ್ಟೇ ಬದಲಾಗುವುದರಿಂದ ಸಮತೋಲನ ಕೆಡುತ್ತದೆ. ನಿಂತಲ್ಲಿಂದ ಹೊರಡುವಾಗ ವಾಹನ ಗಡಗಡನೆ ಅದುರುವುದಕ್ಕೆ ಇದು ಚಿರಪರಿಚಿತ ಕಾರಣ, ನಡುವಿನ ಬೇರಿಂಗನ್ನು ತುಸು ಕೆಳಗಿಳಿಸುವುದು ಅದರ ಪರಿಹಾರ. ಉಕ್ಕಿನ ಪಟ್ಟಿಗಳ ಲೀಫ್ ಸ್ಪ್ರಿಂಗ್ ಮತ್ತು ಆಕ್ಸಲ್ ನಡುವೆ ಬ್ಲಾಕ್ ಇಟ್ಟು ಎತ್ತರಿಸಿದ್ದರೆ ಇನ್ನೊಂದು ತೊಡಕು ಸೇರುತ್ತದೆ: ಎಂಜಿನ್ ಬಲ ಹಾಕಿದಾಗ ಆಕ್ಸಲ್ ಹಿಮ್ಮುಖವಾಗಿ ತಿರುಚಿಕೊಳ್ಳಲು ಯತ್ನಿಸುತ್ತದೆ, ಬ್ಲಾಕ್ ಸನ್ನೆಯಂತೆ ವರ್ತಿಸಿ ಆ ತಿರುಚುವಿಕೆಯನ್ನು ಹೆಚ್ಚಿಸುತ್ತದೆ. ಕೋನಗಳನ್ನು ಅಳೆಯುವಾಗ ವಾಹನ ಸಮತಟ್ಟಾದ ನೆಲದಲ್ಲಿ ತನ್ನ ಚಕ್ರಗಳ ಮೇಲೆಯೇ ನಿಂತಿರಬೇಕು. ಆಕ್ಸಲ್ ಜೋತುಬೀಳುವಂತೆ ಚಾಸಿಯನ್ನು ಎತ್ತಿ ತೆಗೆದ ಅಳತೆಗೆ ಯಾವ ಬೆಲೆಯೂ ಇಲ್ಲ.

ಮುಂದೆ ಒಂದೇ ತುಂಡಿನ ಗಟ್ಟಿ ಆಕ್ಸಲ್ ಇರುವ ಟ್ರಕ್ಕುಗಳಲ್ಲಿ ಇದಾವುದಕ್ಕೂ ಸೇರದ, ಎಲ್ಲಕ್ಕಿಂತ ಭಯಾನಕವಾದ ನಡುಕವೊಂದಿದೆ. ಸಣ್ಣ ಗುಂಡಿಯ ಪೆಟ್ಟು ಬಿದ್ದೊಡನೆ ಮುಂದಿನ ಚಕ್ರಗಳೆರಡೂ ಎಡಬಲಕ್ಕೆ ಹುಚ್ಚುಹಿಡಿದಂತೆ ಹೊಯ್ದಾಡತೊಡಗುತ್ತವೆ, ವೇಗ ಸಾಕಷ್ಟು ಇಳಿಸುವವರೆಗೆ ನಿಲ್ಲುವುದಿಲ್ಲ. ಪೆಟ್ಟು ಬರೀ ನೆಪ. ಆಂದೋಲನವನ್ನು ಜೀವಂತವಾಗಿಡುವ ಶಕ್ತಿ ವಾಹನದ ಮುನ್ನಡೆಯಿಂದಲೇ ಒದಗುತ್ತದೆ. ಎತ್ತರಿಸಿದಾಗ ಆಕ್ಸಲ್ ತುಸು ತಿರುಗಿ, ಚಕ್ರಗಳನ್ನು ನೇರಕ್ಕೆ ಮರಳಿಸುವ ಕ್ಯಾಸ್ಟರ್ ಕೋನ ಕುಗ್ಗಿರುತ್ತದೆ. ಅದರ ಜೊತೆಗೆ ಆಕ್ಸಲನ್ನು ಅಡ್ಡಡ್ಡ ಹಿಡಿದಿಡುವ ಟ್ರ್ಯಾಕ್ ಬಾರ್‌ನ ಬುಷ್ (ಕೀಲಿನ ಒಳಕವಚ) ಸಡಿಲಗೊಂಡಿದ್ದರಂತೂ ಹೊಯ್ದಾಟಕ್ಕೆ ಬಾಗಿಲು ತೆರೆದಂತೆಯೇ. ಇದಕ್ಕೆ ದಪ್ಪನೆಯ ಸ್ಟಿಯರಿಂಗ್ ಡ್ಯಾಂಪರ್ (ಸ್ಟಿಯರಿಂಗಿನ ಹೊಯ್ದಾಟ ತಡೆಯುವ ಶಾಕ್) ಹಾಕುವುದು ರೋಗವನ್ನು ಮುಚ್ಚಿಡುವ ಕೆಲಸವೇ ಹೊರತು ಚಿಕಿತ್ಸೆಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ವಾಹನವನ್ನು ನಿಲ್ಲಿಸಿ, ಒಬ್ಬರು ಸ್ಟಿಯರಿಂಗನ್ನು ಎಡಬಲಕ್ಕೆ ಸಣ್ಣಗೆ ಆಡಿಸುತ್ತಿರುವಾಗ ಇನ್ನೊಬ್ಬರು ಟ್ರ್ಯಾಕ್ ಬಾರ್, ಚಕ್ರಗಳನ್ನು ತಿರುಗಿಸುವ ಟೈ ರಾಡ್‌ಗಳ ತುದಿಗಳನ್ನು ಒಂದೊಂದಾಗಿ ಗಮನಿಸಿದರೆ, ಪ್ಲೇ (ಸಡಿಲು) ಇರುವ ಜಾಗ ಕಣ್ಣಿಗೇ ಕಾಣುತ್ತದೆ.

ಎತ್ತಿ ಕುಕ್ಕುವ ಸವಾರಿಗೆ ಬಂದರೆ, ಪಿಕಪ್‌ನ ಹಿಂದಿನ ಸ್ಪ್ರಿಂಗುಗಳು ಹೊರೆಗಾಗಿ ಮಾಡಿದವು ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ಸ್ಪ್ರಿಂಗಿನ ಮೇಲಿನ ವಾಹನದ ದೇಹ ಸೆಕೆಂಡಿಗೆ ಒಂದೂಕಾಲು ಬಾರಿಯ ಆಸುಪಾಸಿನಲ್ಲಿ ತೂಗಿದರೆ ಸುಖ. ಮನುಷ್ಯ ಶರೀರಕ್ಕೆ ಅತಿ ಅಸಹನೀಯವಾದ ಮೇಲೆ-ಕೆಳಗಿನ ಕಂಪನ 4ರಿಂದ 8 ಹರ್ಟ್ಸ್‌ನದು. ಸ್ಪ್ರಿಂಗ್ ಗಡುಸಾದಷ್ಟೂ, ಹೊರೆ ಕಡಿಮೆಯಾದಷ್ಟೂ ತೂಗಾಟ ಆ ಅಸಹನೀಯ ಶ್ರೇಣಿಯ ಕಡೆಗೆ ಸರಿಯುತ್ತದೆ. ಹಳೆಯ ಅಳತೆಯ ಶಾಕ್‌ಗಳನ್ನೇ ಉಳಿಸಿಕೊಂಡಿದ್ದರೆ ಅವು ಸದಾ ಪೂರ್ತಿ ಚಾಚಿಕೊಂಡೇ ಇರುತ್ತವೆ. ಚಕ್ರ ತಗ್ಗಿಗೆ ಇಳಿದಾಗ ಮುಂದೆ ಚಾಚಲು ಜಾಗವಿಲ್ಲದೆ ಠಣ್ಣೆಂದು ಬಡಿಯುತ್ತವೆ. ಭಾರವಾದ ಹೊರೆಗೆಂದು ತಯಾರಾದ ಟೈರುಗಳ ಪಕ್ಕದಲ್ಲಿ ಅಚ್ಚಾಗಿರುವ 80 ಪಿಎಸ್‌ಐ ಎಂಬ ಗಾಳಿಯ ಒತ್ತಡ ಗರಿಷ್ಠ ಹೊರೆಗೆ ಸಂಬಂಧಿಸಿದ್ದು. ಖಾಲಿ ಟ್ರಕ್ಕಿಗೆ ಅಷ್ಟು ತುಂಬಿಸಿದರೆ ಟೈರು ಕಲ್ಲಿನಂತಾಗುತ್ತದೆ. ಗಾಳಿಯನ್ನು ಟೈರು ತಯಾರಕರ ಹೊರೆಯ ಕೋಷ್ಟಕ ನೋಡಿ ನಿರ್ಧರಿಸಬೇಕು.

ಬಿಡಿಭಾಗ ಕೊಳ್ಳದೆಯೇ ಸರಿಹೋಗುವ ದೋಷವೂ ಒಂದಿದೆ. ಸಸ್ಪೆನ್ಷನ್ ತೋಳುಗಳ ರಬ್ಬರ್ ಬುಷ್‌ಗಳು ಅನೇಕ ವಾಹನಗಳಲ್ಲಿ ಲೋಹಕ್ಕೆ ಅಂಟಿಕೊಂಡಿದ್ದು, ತೋಳು ಆಡಿದಾಗ ರಬ್ಬರೇ ತಿರುಚಿಕೊಳ್ಳುತ್ತದೆ. ವಾಹನವನ್ನು ಎತ್ತಿ ಚಕ್ರಗಳು ಜೋತಾಡುತ್ತಿರುವಾಗಲೇ ಬೋಲ್ಟ್ ಬಿಗಿದಿದ್ದರೆ, ನೆಲಕ್ಕಿಳಿಸಿದ ಕ್ಷಣದಿಂದ ಆ ರಬ್ಬರು ತಿರುಚಿಕೊಂಡೇ ಇದ್ದು ಬೇಡದ ಸ್ಪ್ರಿಂಗಿನಂತೆ ವರ್ತಿಸುತ್ತದೆ, ಬೇಗ ಹರಿದೂ ಹೋಗುತ್ತದೆ. ಬೋಲ್ಟುಗಳನ್ನು ಕಳಚದೆ ಸಡಿಲಿಸಿ, ವಾಹನದ ಭಾರ ಚಕ್ರಗಳ ಮೇಲಿರುವಾಗ ಒಂದೆರಡು ಬಾರಿ ಅದುಮಿ ಬಿಟ್ಟು, ಅದೇ ಸ್ಥಿತಿಯಲ್ಲಿ ಟಾರ್ಕ್ ರೆಂಚಿನಿಂದ ನಿಗದಿತ ಬಿಗಿಗೆ ತಂದ ಮೇಲಷ್ಟೇ ಅಲೈನ್‌ಮೆಂಟ್ ಮಾಡಿಸಬೇಕು.