ರಾಜ ಬದಲಾದ, ವರಹದ ಚಿತ್ರ ಬದಲಾಗಲಿಲ್ಲ

ಮೊನ್ನೆ ಮಳೆಯಲ್ಲೇ ಅಕ್ಕನ ಮಗನನ್ನು ಕರೆದುಕೊಂಡು ಹೊಸನಗರ ತಾಲ್ಲೂಕಿನ ನಗರ ಕೋಟೆಗೆ ಹೋಗಿದ್ದೆ. ಹುಡುಗ ಬೆಂಗಳೂರಲ್ಲಿ ಕೆಲಸದಲ್ಲಿದ್ದಾನೆ. ಸಂಬಳದಲ್ಲಿ ಒಂದಿಷ್ಟು ತೆಗೆದು ಬಿಟ್‌ಕಾಯಿನ್‌ಗೆ ಹಾಕುತ್ತಾನೆ. "ಕೈಯಲ್ಲಿ ಹಿಡಿಯೋಕೂ ಆಗದ ದುಡ್ಡನ್ನ ಹ್ಯಾಗೋ ನಂಬ್ತೀಯ ಅಂತ ಅಮ್ಮ ದಿನಾ ಬೈತಾಳೆ ಮಾವ" ಅಂದ. ಕೇಳಿದ ಜಾಗ ಸರಿಯಾಗಿತ್ತು. ಈ ಪ್ರಶ್ನೆಗೆ ಆ ಕೋಟೆಯ ಹತ್ತಿರ ಒಳ್ಳೆಯ ಕಥೆಯಿದೆ.

ನಗರ ಅಂದರೆ ಹಿಂದಿನ ಬಿದನೂರು, ಕೆಳದಿ ನಾಯಕರ ಕೊನೆಯ ರಾಜಧಾನಿ. 1763ರಲ್ಲಿ ಹೈದರಾಲಿ ಅದನ್ನು ಗೆದ್ದ. ಊರಿಗೆ ತನ್ನ ಹೆಸರನ್ನೇ ಇಟ್ಟು ಹೈದರ್‌ನಗರ ಮಾಡಿದ. ಅಂಥವನು ಚಿನ್ನದ ನಾಣ್ಯ ಹೊಡೆಸುವಾಗ ಮಾತ್ರ ಹುಷಾರಾದ. ಕೆಳದಿಯವರ ವರಹದ ಮೇಲಿದ್ದ ಶಿವ ಪಾರ್ವತಿಯರನ್ನು ಹಾಗೇ ಉಳಿಸಿಕೊಂಡ. ಹಿಂದಿನ ಬದಿಗೆ ತನ್ನ ಹೆಸರಿನ ಮೊದಲ ಅಕ್ಷರ ಹಾಕಿಸಿದ, ಪರ್ಷಿಯನ್ ಲಿಪಿಯಲ್ಲಿ. ಅಷ್ಟೇ. ಅಂಗಿ ಗುಂಡಿಯಷ್ಟು ಅಗಲ, ಸುಮಾರು ಮೂರೂವರೆ ಗ್ರಾಂ ತೂಕದ ಬಿಲ್ಲೆ ಅದು. ಒಂದು ಕಡೆ ಸೋತವರ ದೇವರು, ಇನ್ನೊಂದು ಕಡೆ ಗೆದ್ದವನ ಅಕ್ಷರ.

ಭಕ್ತಿಗಿಂತ ವ್ಯಾಪಾರದ ಲೆಕ್ಕ ಇಲ್ಲಿ ಜಾಸ್ತಿ ಅಂತ ನನಗನಿಸುತ್ತದೆ. ಘಟ್ಟದ ಮೇಲಿನ ಮೆಣಸು, ಅಕ್ಕಿ ಕೆಳಗಿಳಿದು ಬಸರೂರು, ಹೊನ್ನಾವರದಂಥ ಬಂದರುಗಳಿಗೆ ಹೋಗುತ್ತಿತ್ತು. ಅಲ್ಲಿನ ವ್ಯಾಪಾರಿಗೆ ಆ ಚಿತ್ರ ಗೊತ್ತು, ಅದರ ತೂಕ ಗೊತ್ತು. ಹೊಸ ಚಿತ್ರ ಬಂದರೆ ಮತ್ತೆ ಒರೆಗೆ ಹಚ್ಚಬೇಕು, ತೂಗಬೇಕು, ವಟ್ಟ ಅಂತ ಒಂದಿಷ್ಟು ಮುರಿದುಕೊಳ್ಳಬೇಕು. ಹೆಸರಿನದೂ ಇದೇ ಕಥೆ. ಕೆಳದಿಯವರ ಕಾಲದಲ್ಲೇ ರಾಜಧಾನಿ ಇಕ್ಕೇರಿಯಿಂದ ಬಿದನೂರಿಗೆ ಹೋಯಿತು, ಟಂಕಸಾಲೆಯೂ ಹೋಯಿತು. ಜನ ಮಾತ್ರ 'ಇಕ್ಕೇರಿ ವರಹ' ಅನ್ನುವುದನ್ನು ಬಿಡಲಿಲ್ಲ. ಶಿವಮೊಗ್ಗದಲ್ಲೇ ಮಾಡಿದರೂ ಧಾರವಾಡ ಪೇಡ ಅನ್ನುತ್ತೇವಲ್ಲ, ಹಾಗೆ. ಮುಂದೆ ಟಿಪ್ಪು ಚಿತ್ರ ತೆಗೆಸಿದ. 1799ರಲ್ಲಿ ಅವನು ಸತ್ತ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರ ವರಹಕ್ಕೆ ಶಿವ ಪಾರ್ವತಿ ವಾಪಸ್ ಬಂದರು.

ವರಹ ಅನ್ನುವ ಹೆಸರು ಕೆಳದಿಗಿಂತ ಬಹಳ ಹಳೆಯದು. ವರಾಹ, ಅಂದರೆ ಹಂದಿ, ಚಾಲುಕ್ಯರ ಲಾಂಛನ. ಅದಕ್ಕೂ ಸುಮಾರು ಸಾವಿರ ವರ್ಷ ಮುಂಚೆ ಈ ದೇಶದಲ್ಲಿ ಬೆಳ್ಳಿಯ ತುಂಡುಗಳಿಗೆ ಸೂರ್ಯ, ಬೆಟ್ಟ, ಮರದ ಮುದ್ರೆ ಒತ್ತಿ ನಾಣ್ಯ ಮಾಡುತ್ತಿದ್ದರು. ನಮ್ಮ ಬಾಯಲ್ಲಿರುವ ಮಾತುಗಳೆಲ್ಲ ಹಳೇ ನಾಣ್ಯಗಳೇ. ಪಣ ಅನ್ನುವ ನಾಣ್ಯ ಕನ್ನಡದ ನಾಲಿಗೆಯಲ್ಲಿ ಹಣ ಆಯಿತು, ಪೊನ್ನು ಹೊನ್ನಾದ ಹಾಗೆ. ದುಡ್ಡು ತಾಮ್ರದ ನಾಣ್ಯ. ಕಾಸು ಇನ್ನೂ ಚಿಕ್ಕದು. ಕವಡೆಯೂ ಚಲಾವಣೆಯಲ್ಲಿತ್ತು, ಅದಕ್ಕೇ 'ಕವಡೆ ಕಾಸಿನ ಕಿಮ್ಮತ್ತಿಲ್ಲ' ಅನ್ನುವ ಬೈಗುಳ ಉಳಿದಿದೆ.

ರೂಪಾಯಿಯನ್ನು ತೂಕ ಗೊತ್ತುಮಾಡಿದ ಬೆಳ್ಳಿ ನಾಣ್ಯವಾಗಿ ನಿಲ್ಲಿಸಿದವನು 16ನೇ ಶತಮಾನದ ಶೇರ್ ಶಾ. ನಮ್ಮಜ್ಜಿಗೆ ಹದಿನಾರಾಣೆಯ ಲೆಕ್ಕ ಎಷ್ಟು ಅಂಟಿತ್ತು ಅಂದರೆ, 1957ರ ಏಪ್ರಿಲ್‌ನಲ್ಲಿ ರೂಪಾಯಿಗೆ ನೂರು ಪೈಸೆ ಆದ ಮೇಲೂ ಸಾಯುವವರೆಗೆ ನಾಲ್ಕಾಣೆ, ಎಂಟಾಣೆ ಅಂತಲೇ ಅನ್ನುತ್ತಿದ್ದಳು. ಇಪ್ಪತ್ತೈದು ಪೈಸೆ ಅಂದರೆ ಅದೇನೋ ಕಮ್ಮಿ ಅನಿಸುತ್ತಿತ್ತಂತೆ.

ಸರ್ಕಾರದ ಕಾಗದದ ನೋಟಿನ ಕಾನೂನು ಬಂದದ್ದು 1861ರಲ್ಲಿ, ರಿಸರ್ವ್ ಬ್ಯಾಂಕ್ ಶುರುವಾದದ್ದು 1935ರಲ್ಲಿ. ನೂರರ ನೋಟು ತಿರುಗಿಸಿ ನೋಡಿ, ಭಾಷೆಗಳ ಪಟ್ಟಿಯಲ್ಲಿ ನಾಲ್ಕನೇ ಸಾಲು ಕನ್ನಡದ್ದು. ಮುಂದಿನ ಬದಿಯಲ್ಲಿ ಇಷ್ಟು ರೂಪಾಯಿ ಕೊಡುತ್ತೇನೆ ಅಂತ ಗವರ್ನರ್ ಮಾತು ಕೊಟ್ಟು ಸಹಿ ಹಾಕಿರುತ್ತಾರೆ. ಆ ಮಾತು ತಪ್ಪಿದರೆ ಏನಾಗುತ್ತದೆ ಅಂತ 2016ರ ನವೆಂಬರ್ 8ರ ರಾತ್ರಿ ಗೊತ್ತಾಯಿತು. 500, 1000ದ ನೋಟು ರದ್ದು. ನಮ್ಮ ಕಡೆ ಅದು ಸರಿಯಾಗಿ ಅಡಿಕೆ ಕೊಯ್ಲಿನ ಹೊತ್ತು. ಅಡಿಕೆ ಗೊನೆ ತೆಗೆಯುವವರಿಗೆ, ಸುಲಿಯುವವರಿಗೆ ಕೂಲಿ ಕೊಡಬೇಕು, ಅದೂ ರೊಕ್ಕದಲ್ಲಿ.

ಆಗ ಎಷ್ಟೋ ಮನೆಗಳಲ್ಲಿ ಕೆಲಸ ನಡೆದದ್ದು ಬರೀ ಲೆಕ್ಕದ ಮೇಲೆ. ಮಲೆನಾಡಿಗೆ ಇದು ಹೊಸದಲ್ಲ. ನಮ್ಮಜ್ಜ ಗಾಡಿಯಲ್ಲಿ ಅಡಿಕೆ ಮೂಟೆ ಹೇರಿಕೊಂಡು ಶಿವಮೊಗ್ಗದ ಮಂಡಿಗೆ ಹೋದರೆ, ವಾಪಸ್ ತರುತ್ತಿದ್ದದ್ದು ಒಂದು ಚೀಟಿ. ಅದರಲ್ಲಿ ಅಡಿಕೆಯ ತರಗಳ ಲೆಕ್ಕ: ರಾಶಿ ಇಷ್ಟು, ಬೆಟ್ಟೆ ಇಷ್ಟು, ಗೊರಬಲು ಇಷ್ಟು. ದುಡ್ಡು ಮಂಡಿಯಲ್ಲೇ ಇರುತ್ತಿತ್ತು. ಮದುವೆಗೋ ಗೊಬ್ಬರಕ್ಕೋ ಬೇಕಾದಾಗ ಹೋಗಿ ತರುವುದು. ಒಂದು ವರ್ಷ ಒಂದು ಮಂಡಿ ಬಾಗಿಲು ಹಾಕಿತು. ಅಜ್ಜನ ಹತ್ತಿರ ಚೀಟಿ ಉಳಿಯಿತು, ದುಡ್ಡು ಉಳಿಯಲಿಲ್ಲ. ಬೆಳೆಗಾರರೇ ಸೇರಿ ಕಟ್ಟಿಕೊಂಡ ಸಹಕಾರ ಸಂಘ, ಮ್ಯಾಮ್‌ಕೋಸ್, 1939ರಿಂದಲೇ ಶಿವಮೊಗ್ಗದಲ್ಲಿತ್ತು. ಅಜ್ಜ ಆಮೇಲೆ ಅದರ ಕಡೆ ಹೊರಳಿದ.

ಬಿಟ್‌ಕಾಯಿನ್ ಅರ್ಥ ಆಗಬೇಕಾದರೆ ಈ ಮಂಡಿಯ ಪುಸ್ತಕವನ್ನೇ ನೆನಪಿಸಿಕೊಳ್ಳಿ. ಆ ಪುಸ್ತಕ ಒಂದೇ ಇತ್ತು, ಸಾಹುಕಾರನ ಮೇಜಿನ ಮೇಲೆ. ಬಿಟ್‌ಕಾಯಿನ್‌ನಲ್ಲಿ ಅದೇ ಪುಸ್ತಕದ ಪ್ರತಿ ಸಾವಿರಾರು ಕಂಪ್ಯೂಟರ್‌ಗಳಲ್ಲಿದೆ. ಒಬ್ಬ ಸುಮ್ನೆ ಒಂದು ಸಾಲು ತಿದ್ದಿದರೆ ಉಳಿದವರ ಪ್ರತಿಗೆ ಹೊಂದುವುದಿಲ್ಲ. ಸತೋಶಿ ನಕಮೊಟೊ ಅನ್ನುವ ಹೆಸರಿನಲ್ಲಿ 2008ರ ಅಕ್ಟೋಬರ್‌ನಲ್ಲಿ ಇದರ ಯೋಜನೆ ಹೊರಬಂತು, 2009ರ ಜನವರಿಯಲ್ಲಿ ಮೊದಲ ಪುಟ ಬರೆದದ್ದಾಯಿತು. ಆ ಹೆಸರಿನ ಹಿಂದೆ ಯಾರಿದ್ದಾರೆ ಅನ್ನುವುದು ಇವತ್ತಿಗೂ ಖಚಿತವಾಗಿಲ್ಲ. ಒಟ್ಟು 2.1 ಕೋಟಿ ನಾಣ್ಯ, ಅದಕ್ಕಿಂತ ಜಾಸ್ತಿ ಹುಟ್ಟದ ಹಾಗೆ ನಿಯಮ. 2010ರಲ್ಲಿ ಒಬ್ಬ 10,000 ಬಿಟ್‌ಕಾಯಿನ್ ಕೊಟ್ಟು ಎರಡು ಪಿಜ್ಜಾ ತರಿಸಿಕೊಂಡ. ಈಗ ಅದೇ ಕೋಟ್ಯಂತರ ಡಾಲರ್. ಹೀಗೆ ಏರಿಳಿಯುವುದರಲ್ಲಿ ಕೂಲಿ ಗೊತ್ತುಮಾಡಲು ಆಗುತ್ತದಾ? ನನಗೆ ಇದು ದುಡ್ಡಿಗಿಂತ ದರ ಏರಲಿ ಅಂತ ಕಾದಿಟ್ಟ ಅಡಿಕೆಯ ಹಾಗೆ ಕಾಣುತ್ತದೆ. ನಮ್ಮ ಸರ್ಕಾರವೂ ಇದನ್ನು ಹಣ ಅಂತ ಒಪ್ಪಿಲ್ಲ. ಆದರೆ 2022ರ ಏಪ್ರಿಲ್‌ನಿಂದ ಲಾಭದ ಮೇಲೆ ಶೇ. 30 ತೆರಿಗೆ ಬಿಡದೆ ತೆಗೆದುಕೊಳ್ಳುತ್ತದೆ. ಅದೇ ವರ್ಷ ಡಿಸೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ತನ್ನದೇ ಡಿಜಿಟಲ್ ರೂಪಾಯಿಯನ್ನು ಜನಸಾಮಾನ್ಯರ ಕೈಗೆ ಪ್ರಯೋಗಕ್ಕೆ ಕೊಟ್ಟಿತು.

ಇಷ್ಟೆಲ್ಲ ಹೇಳಿ ಮುಗಿಸುವಾಗ ನಾವು ಕೋಟೆಯಿಂದ ಇಳಿದು ರಸ್ತೆ ಬದಿಯ ಹೋಟೆಲಿನಲ್ಲಿ ಕೂತಿದ್ದೆವು. ಎರಡು ಟೀ, ಒಂದು ಪ್ಲೇಟ್ ಬಜ್ಜಿ. ಹುಡುಗ ಮೊಬೈಲ್ ಎತ್ತಿ ಕ್ಯೂಆರ್ ಕೋಡ್‌ಗೆ ಹಿಡಿದ. ನೆಟ್‌ವರ್ಕ್ ಇಲ್ಲ. ಬೆಳಿಗ್ಗೆಯಿಂದ ಕರೆಂಟೂ ಇಲ್ಲವಂತೆ. ನನ್ನ ಜೇಬಿನಲ್ಲಿ 500ರ ಒಂದೇ ನೋಟು, ಅವರಲ್ಲಿ ಚಿಲ್ಲರೆ ಇಲ್ಲ.

"ಯಾವ ಊರಾಯ್ತು ನಿಮ್ದು? ಯಾರ ಮನೆ?" ಅಂದರು ಹೋಟೆಲಿನವರು. ಹೇಳಿದೆ. "ಓ, ಅವರ ಮೊಮ್ಮಗನಾ" ಅಂತ ಗಲ್ಲಾದ ಕೆಳಗಿನಿಂದ ಒದ್ದೆ ಅಂಚಿನ ನೋಟ್‌ಬುಕ್ ತೆಗೆದು ಅಜ್ಜನ ಹೆಸರಿನಲ್ಲಿ ಬರೆದುಕೊಂಡರು.