ಮೆದುಳಿನಲ್ಲಿ ಗಡ್ಡೆ ಇದ್ದವರಿಗೆ ಶಾಕ್ ಟ್ರೀಟ್‌ಮೆಂಟ್ ಕೊಡಬಹುದೇ?

ಪ್ರಶ್ನೆ: ಅಮ್ಮನಿಗೆ 64 ವರ್ಷ, ತೀವ್ರ ಖಿನ್ನತೆ. ಊಟವನ್ನೇ ಬಿಟ್ಟಿದ್ದಾರೆ, ಮಾತ್ರೆ ಹಿಡಿಯುತ್ತಿಲ್ಲ. ಮಂಗಳೂರಿನ ಡಾಕ್ಟರು ಇಸಿಟಿ (ಶಾಕ್ ಟ್ರೀಟ್‌ಮೆಂಟ್) ಮಾಡೋಣ ಅಂದಿದ್ದಾರೆ. ಆದರೆ ಎಂಆರ್‌ಐಯಲ್ಲಿ ಸಣ್ಣ ಮೆನಿಂಜಿಯೋಮಾ (ಮೆದುಳಿನ ಹೊದಿಕೆಯಲ್ಲಿ ಬೆಳೆಯುವ ಗಡ್ಡೆ) ಕಂಡಿದೆ. ಕರೆಂಟ್ ಕೊಟ್ಟರೆ ಅಪಾಯವೇ?
– ಓದುಗರು, ಬದಿಯಡ್ಕ

ಉತ್ತರ: ಗಡ್ಡೆ ಇದೆ ಎಂಬ ಒಂದೇ ಕಾರಣಕ್ಕೆ ಬೇಡ ಎನ್ನಬೇಕಿಲ್ಲ. ನೋಡಬೇಕಾದದ್ದು ತಲೆಬುರುಡೆಯೊಳಗಿನ ಒತ್ತಡ. ಇಲ್ಲಿ ಚಿಂತೆ ಕರೆಂಟಿನದ್ದಲ್ಲ, ಅದು ತರಿಸುವ ಅರ್ಧ–ಒಂದು ನಿಮಿಷದ ಫಿಟ್ಸಿನದ್ದು. ಆ ಹೊತ್ತಿನಲ್ಲಿ ಬಿಪಿ ಏರಿ ಮೆದುಳಿಗೆ ರಕ್ತ ನುಗ್ಗುತ್ತದೆ, ಒಳಗಿನ ಒತ್ತಡವೂ ಏರುತ್ತದೆ. ಗಡ್ಡೆಯ ಸುತ್ತ ಬಾವು ಬಂದು ಜಾಗವೇ ಉಳಿಯದಿದ್ದರೆ, ಮೆದುಳು ಕೆಳಕ್ಕೆ ಜರುಗಿ ಉಸಿರಾಟ ನಡೆಸುವ ಭಾಗವನ್ನು ಒತ್ತಬಹುದು. ಅಂಥವರಿಗೆ ಮೊದಲು ಗಡ್ಡೆಯ ಚಿಕಿತ್ಸೆ ಆಗಬೇಕು.

ಸಣ್ಣದಾಗಿ, ಬಾವಿಲ್ಲದೆ, ಕೈಕಾಲಿನ ಬಲ ಕುಗ್ಗಿಸದೆ ಇರುವ ಮೆನಿಂಜಿಯೋಮಾದ ಮಾತೇ ಬೇರೆ. ಅಂಥ ರೋಗಿಗಳಿಗೆ ಇಸಿಟಿ ಸುರಕ್ಷಿತವಾಗಿ ಮುಗಿದ ಹಲವು ವರದಿಗಳಿವೆ. ಉಪವಾಸ ಬಿದ್ದ ಖಿನ್ನತೆಯೂ ಜೀವ ತೆಗೆಯಬಲ್ಲದು. ತಕ್ಕಡಿಯಲ್ಲಿ ಅದನ್ನೂ ಇಡಬೇಕು.

ಕಾಸರಗೋಡಿನಲ್ಲಿ ಸ್ಕ್ಯಾನ್ ಮಾಡಿಸಿದ್ದರೆ ವರದಿಯ ಹಾಳೆ ಸಾಲದು, ಸಿಡಿಯನ್ನೂ ಒಯ್ಯಿರಿ. ಬಾವು ಎಷ್ಟಿದೆ, ಮೆದುಳಿನ ನಡುಗೆರೆ ಸರಿದಿದೆಯೇ ಎಂಬುದನ್ನು ನ್ಯೂರೋಸರ್ಜನ್ ಕಣ್ಣಾರೆ ನೋಡಬೇಕು. ಕಣ್ಣಿಗೆ ಡ್ರಾಪ್ಸ್ ಹಾಕಿ ಅಕ್ಷಿಪಟಲ ಪರೀಕ್ಷಿಸಿದಾಗ ಕಣ್ಣಿನ ನರದ ತಲೆ ಊದಿದ್ದರೆ ಒತ್ತಡ ಹೆಚ್ಚಿದೆ ಎಂದರ್ಥ. ಊದಿಲ್ಲ ಎಂದಮಾತ್ರಕ್ಕೆ ಒತ್ತಡ ಇಲ್ಲವೆಂದು ಹೇಳಲಾಗದು.

ಈಗ ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿಯನ್ನೂ ತೋರಿಸಿ. ಇದನ್ನು ಬಹಳ ಮಂದಿ ಮರೆಯುತ್ತಾರೆ. ಫಿಟ್ಸಿಗೆ ಕೊಡುವ ಲೆವೆಟಿರಾಸಿಟಮ್, ಬಾವಿಗೆ ಕೊಡುವ ಡೆಕ್ಸಾಮೆಥಸೋನ್ ಎರಡೂ ಮನಸ್ಸನ್ನು ಕುಗ್ಗಿಸಬಲ್ಲವು. ಮೆದುಳಿನ ಮುಂಭಾಗದ ಗಡ್ಡೆಯೇ ಖಿನ್ನತೆಯಂತೆ ಕಾಣಿಸುವುದೂ ಉಂಟು. ಆದರೆ ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ.

ಇಸಿಟಿ ಕೊಡುವಾಗ ಬಿಪಿ ಏರದಂತೆ ಲ್ಯಾಬೆಟಲಾಲ್ ಅಥವಾ ಎಸ್ಮೊಲಾಲ್ ಕೊಡುತ್ತಾರೆ. ಮಾಸ್ಕಿನಿಂದ ಆಮ್ಲಜನಕ ಕೊಡುತ್ತಾ ತುಸು ವೇಗವಾಗಿ ಉಸಿರಾಡಿಸುತ್ತಾರೆ. ಎಲೆಕ್ಟ್ರೋಡನ್ನು ಗಡ್ಡೆಯಿಂದ ದೂರ ಇಡುತ್ತಾರೆ. ಐಸಿಯು, ನ್ಯೂರೋಸರ್ಜನ್ ಇರುವ ಆಸ್ಪತ್ರೆಯಲ್ಲೇ ಮಾಡಿಸಿ. ಅರಿವಳಿಕೆ, ಸ್ನಾಯು ಸಡಿಲಿಸುವ ಔಷಧಿ ಇಲ್ಲದೆ ಕೊಡುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ಕೇರಳ–ಕರ್ನಾಟಕ ಗಡಿಯ ಈಚೆಗೂ ಆಚೆಗೂ ಕಾನೂನು ಒಂದೇ. ಒಪ್ಪಿಗೆ ಪತ್ರ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಕನ್ನಡದಲ್ಲಿ ಓದಿ ಹೇಳಲು ಕೇಳಿ, ಆಮೇಲೆ ಸಹಿ ಹಾಕಿ.

ಇಸಿಟಿ ಆದ ಮೇಲಿನ ಮಂಪರು, ಗೊಂದಲ ಸಾಮಾನ್ಯವಾಗಿ ಒಂದೆರಡು ಗಂಟೆಯಲ್ಲಿ ತಿಳಿಯಾಗುತ್ತದೆ. ತಿಳಿಯಾಗದಿದ್ದರೆ, ಪದೇ ಪದೇ ವಾಂತಿಯಾದರೆ, ಒಂದು ಕೈ ಸೋತರೆ, ಮತ್ತೆ ಫಿಟ್ಸ್ ಬಂದರೆ ಆಗಲೇ ಸ್ಕ್ಯಾನ್ ಆಗಬೇಕು. ಊರಿಗೆ ಮರಳಿದ ಮೇಲೆ ಹೀಗಾದರೆ ಮಂಗಳೂರಿಗೆ ಫೋನ್ ಮಾಡುತ್ತಾ ಕೂರಬೇಡಿ, ಹತ್ತಿರದ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದೊಯ್ಯಿರಿ.