ಅಮೆರಿಕದಲ್ಲಿ ಶಿಕ್ಷಕರ ಗುಣಮಟ್ಟ ಮತ್ತು ಒಕ್ಕೂಟ ಸರ್ಕಾರದ ಷರತ್ತುಗಳು

ಈ ವಿಷಯದಲ್ಲಿ ನಾನು ಎಡವಿದ್ದು ನಮ್ಮ ಸಂವಿಧಾನದ ಲೆಕ್ಕವನ್ನೇ ಅಮೆರಿಕಕ್ಕೂ ಹಚ್ಚಿದ್ದರಿಂದ. ನಮ್ಮಲ್ಲಿ 1976ರ 42ನೇ ತಿದ್ದುಪಡಿಯ ಮೂಲಕ ಶಿಕ್ಷಣವು ಸಮವರ್ತಿ ಪಟ್ಟಿಗೆ ಬಂದಿದ್ದು, ಕೇಂದ್ರವೂ ನೇರವಾಗಿ ಶಾಸನ ಮಾಡಬಹುದು. ಅಮೆರಿಕದ ಸಂವಿಧಾನದಲ್ಲಿ ಶಿಕ್ಷಣದ ಪ್ರಸ್ತಾಪವೇ ಇಲ್ಲ. ಒಕ್ಕೂಟಕ್ಕೆ ವಹಿಸದ ಅಧಿಕಾರಗಳು ರಾಜ್ಯಗಳಿಗೆ ಅಥವಾ ಜನರಿಗೆ ಸೇರಿದವು ಎಂದು ಅದರ ಹತ್ತನೇ ತಿದ್ದುಪಡಿ ಹೇಳುತ್ತದೆ. ಹಾಗಿದ್ದ ಮೇಲೆ ಅಲ್ಲಿಯ ಪಬ್ಲಿಕ್ ಸ್ಕೂಲ್‌ಗಳ, ಅಂದರೆ ಸರ್ಕಾರಿ ಶಾಲೆಗಳ ಶಿಕ್ಷಕರ ಅರ್ಹತೆಯನ್ನು ಕಾಂಗ್ರೆಸ್, ಅಂದರೆ ಅಲ್ಲಿಯ ಸಂಸತ್ತು, ಹೇಗೆ ನಿಗದಿಪಡಿಸಿತು?

ಅನುದಾನದ ಮೂಲಕ. 1965ರ ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣ ಕಾಯ್ದೆಯ 'ಟೈಟಲ್ ಒನ್' ಭಾಗವು ಬಡ ಮಕ್ಕಳು ಹೆಚ್ಚಿರುವ ಶಾಲೆಗಳಿಗೆ ಹಣ ಒದಗಿಸಿತು. ಆ ಕಾಯ್ದೆಗೆ 2002ರಲ್ಲಿ ಜಾರ್ಜ್ ಬುಷ್ ಸಹಿ ಹಾಕಿದ ಹೊಸ ರೂಪವೇ 'ನೋ ಚೈಲ್ಡ್ ಲೆಫ್ಟ್ ಬಿಹೈಂಡ್'. ಹಣ ಪಡೆಯುವ ರಾಜ್ಯಗಳಲ್ಲಿ ಮುಖ್ಯ ವಿಷಯಗಳ ಶಿಕ್ಷಕರಿಗೆ ಪದವಿ, ರಾಜ್ಯದ ಪ್ರಮಾಣಪತ್ರ ಮತ್ತು ವಿಷಯಜ್ಞಾನದ ಪುರಾವೆ, ಈ ಮೂರೂ ಇರಬೇಕೆಂದು ಅದು ವಿಧಿಸಿತು. ಹಳಬರು ಪರೀಕ್ಷೆ ಬರೆಯದೆಯೂ ವಿಷಯಜ್ಞಾನವನ್ನು ತೋರಿಸಲು ರಾಜ್ಯಗಳು ಬೇರೆ ದಾರಿ ಮಾಡಿಕೊಡಬಹುದಿತ್ತು. ಷರತ್ತಿನ ಬಿಗಿ ಸಡಿಲವಾದದ್ದು ಅಲ್ಲಿಯೇ ಎಂದು ನನ್ನ ಅನಿಸಿಕೆ.

ನನಗೆ ಅರ್ಥವಾಗಲು ಬಹಳ ಹೊತ್ತು ಹಿಡಿದದ್ದು ಇದರ ಮುಂದಿನ ಹಂತ. 2013-14ರ ವೇಳೆಗೆ ಎಲ್ಲ ಮಕ್ಕಳೂ ಓದು ಮತ್ತು ಗಣಿತದಲ್ಲಿ ನಿಗದಿತ ಮಟ್ಟ ಮುಟ್ಟಬೇಕೆಂಬ ಗುರಿಯೂ ಅದೇ ಕಾಯ್ದೆಯಲ್ಲಿತ್ತು. ನೂರಕ್ಕೆ ನೂರು ಸಾಧ್ಯವಿಲ್ಲವೆಂಬುದು ಎಲ್ಲರಿಗೂ ತಿಳಿದಿತ್ತು, ಆದರೆ ಕಾಂಗ್ರೆಸ್ ಕಾಯ್ದೆಯನ್ನು ತಿದ್ದಲಿಲ್ಲ. ಆಗ ಒಬಾಮಾ ಆಡಳಿತವು 2011ರಲ್ಲಿ ರಾಜ್ಯಗಳಿಗೆ ವಿನಾಯಿತಿಯ ಬಾಗಿಲು ತೆರೆದು, ಪ್ರತಿಯಾಗಿ ಶಿಕ್ಷಕರ ಮೌಲ್ಯಮಾಪನದಲ್ಲಿ ಮಕ್ಕಳ ಕಲಿಕೆಯ ಪ್ರಗತಿಯನ್ನೂ ಪರಿಗಣಿಸಬೇಕೆಂದು ಕೇಳಿತು. ಇಲ್ಲಿ ಎರಡು ಷರತ್ತುಗಳಿವೆ: ಮೊದಲನೆಯದು ಹಣಕ್ಕೆ ಅಂಟಿದ್ದು, ಎರಡನೆಯದು ಆ ಮೊದಲ ಷರತ್ತಿನಿಂದ ಬಿಡುಗಡೆ ಪಡೆಯಲು ತೆರಬೇಕಾದ ಬೆಲೆ. ವಾಷಿಂಗ್ಟನ್ ರಾಜ್ಯದ (ರಾಜಧಾನಿಯಲ್ಲ, ಪಶ್ಚಿಮ ತೀರದ ರಾಜ್ಯ) ಉದಾಹರಣೆ ಹಿಡಿದ ಮೇಲೆ ಇದು ನನಗೆ ತಿಳಿಯಾಯಿತು. ರಾಜ್ಯಮಟ್ಟದ ಪರೀಕ್ಷೆಯ ಅಂಕಗಳನ್ನು ಮೌಲ್ಯಮಾಪನದಲ್ಲಿ ಕಡ್ಡಾಯಗೊಳಿಸಲು ಅಲ್ಲಿಯ ಶಾಸನಸಭೆ ಒಪ್ಪದಿದ್ದಾಗ, 2014ರಲ್ಲಿ ವಿನಾಯಿತಿ ರದ್ದಾಯಿತು. ಅನುದಾನವೇ ನಿಲ್ಲುತ್ತದೆಂದು ನಾನು ಭಾವಿಸಿದ್ದೆ, ಆದರೆ ಅದು ನಿಲ್ಲಲಿಲ್ಲ. ಹಳೆಯ ನಿಯಮಗಳು ಮರಳಿ ಬಂದವು. ಶಾಲೆಗಳು ಗುರಿ ಮುಟ್ಟಿಲ್ಲವೆಂದು ಪೋಷಕರಿಗೆ ಪತ್ರ ಬರೆಯಬೇಕಾಯಿತು, ಟೈಟಲ್ ಒನ್ ಹಣದ ಒಂದು ಭಾಗವನ್ನು ಹೊರಗಿನ ಟ್ಯೂಷನ್ನಿಗೂ ಬೇರೆ ಶಾಲೆಗೆ ಹೋಗುವ ಮಕ್ಕಳ ಸಾರಿಗೆಗೂ ಮೀಸಲಿಡಬೇಕಾಯಿತು.

ಹೀಗೆ ಅಳತೆಗೋಲು ಶಿಕ್ಷಕರ ಪದವಿಯಿಂದ ಮಕ್ಕಳ ಅಂಕಗಳತ್ತ ಸರಿಯಿತು. ಅಂಕಗಳ ಏರುಪೇರಿನಲ್ಲಿ ಶಿಕ್ಷಕರಿಂದಾಗುವ ಪಾಲು ಹೆಚ್ಚಿನ ಅಧ್ಯಯನಗಳಲ್ಲಿ ಶೇ. 1ರಿಂದ 14ರಷ್ಟು ಮಾತ್ರ ಎಂದು ಅಮೆರಿಕನ್ ಸಂಖ್ಯಾಶಾಸ್ತ್ರ ಸಂಘವು 2014ರಲ್ಲೇ ಎಚ್ಚರಿಸಿತ್ತು. ಶಿಕ್ಷಕರು ಮುಖ್ಯರಲ್ಲ ಎಂದು ಇದನ್ನು ಓದಬಾರದು; ಒಬ್ಬೊಬ್ಬ ಶಿಕ್ಷಕರಿಗೂ ದರ್ಜೆ ಕಟ್ಟಲು ಈ ಅಂಕಿ ಸಾಲದು ಎಂದಷ್ಟೇ ಓದಬೇಕು.

2015ರ ಡಿಸೆಂಬರಿನಲ್ಲಿ ಬಂದ 'ಎವ್ರಿ ಸ್ಟೂಡೆಂಟ್ ಸಕ್ಸೀಡ್ಸ್' ಕಾಯ್ದೆ ಪದವಿಯ ಷರತ್ತನ್ನು ಕೈಬಿಟ್ಟು, ಮೌಲ್ಯಮಾಪನದ ವಿಧಾನವನ್ನು ರಾಜ್ಯಗಳ ಮೇಲೆ ಹೇರದಂತೆ ಶಿಕ್ಷಣ ಕಾರ್ಯದರ್ಶಿಯ (ಒಕ್ಕೂಟ ಸರ್ಕಾರದ ಶಿಕ್ಷಣ ಮಂತ್ರಿಯ) ಕೈಯನ್ನೂ ಕಟ್ಟಿತು. ಬಡ ಮಕ್ಕಳ ಪಾಲಿಗೆ ಪರಿಣಾಮಕಾರಿಯಲ್ಲದ ಶಿಕ್ಷಕರೇ ಹೆಚ್ಚಾಗಿ ಬರಬಾರದು ಎಂಬ ಮಾತು ಅದರಲ್ಲಿಯೂ ಉಳಿದಿದೆ, ಆದರೆ 'ಪರಿಣಾಮಕಾರಿಯಲ್ಲದ' ಎಂದರೆ ಏನೆಂಬುದನ್ನು ಒಂದೊಂದು ರಾಜ್ಯವೂ ತಾನೇ ಹೇಳಿಕೊಳ್ಳಬೇಕು.